ಹಿಂದಿರುಗುವ ವಿವೇಕ

ಹಿಡಿದ ದಾರಿಯನ್ನು ಬಿಡದೆ ನಡೆಯುವುದೇ ಧೈರ್ಯವೆಂದು ಲೋಕವು ಬಗೆಯುವುದಷ್ಟೆ. ಹಾಗಾದರೆ ನಡುದಾರಿಯಿಂದ ಹಿಂದಿರುಗುವವನು ಹೇಡಿಯೇ?

2024ನೆಯ ಇಸವಿ ಮೇ 18ರ ರಾತ್ರಿ ಏರ್ ಇಂಡಿಯಾ ಎಕ್ಸ್‌ಪ್ರೆಸ್ಸಿನ ವಿಮಾನವೊಂದು ಬೆಂಗಳೂರಿನಿಂದ ಕೊಚ್ಚಿಗೆ ಹೊರಟಿತು. ಮೇಲೇರಿದ ಸ್ವಲ್ಪ ಹೊತ್ತಿನಲ್ಲಿಯೇ ಬಲಗಡೆಯ ಎಂಜಿನಿನಲ್ಲಿ ಬೆಂಕಿ ಕಂಡುಬಂದಿತು. ಚಾಲಕರು ಬೆಂಗಳೂರಿಗೇ ಮರಳಿ ವಿಮಾನವನ್ನು ಇಳಿಸಿದರು. 179 ಮಂದಿ ಪ್ರಯಾಣಿಕರೂ 6 ಮಂದಿ ಸಿಬ್ಬಂದಿಯೂ ಪ್ರಾಣಸಹಿತ ಪಾರಾದರು.

ಇಲ್ಲೊಂದು ಸೂಕ್ಷ್ಮವಿದೆ. ಎರಡು ಎಂಜಿನುಗಳ ವಿಮಾನವು ಒಂದರ ಬಲದಿಂದಲೂ ಹಾರಬಲ್ಲದು. ಅದನ್ನು ಪರೀಕ್ಷಿಸಿದ ಬಳಿಕವೇ ಜನರನ್ನೊಯ್ಯಲು ಅದಕ್ಕೆ ಅನುಮತಿ ದೊರೆಯುವುದು. ಆದರೂ ಒಂದು ಕೆಟ್ಟಿತೆಂದರೆ, ಬೇಗನೆ ತಲುಪಬಹುದಾದ ಯೋಗ್ಯ ನಿಲ್ದಾಣದಲ್ಲಿ ಇಳಿಯಬೇಕೆಂಬುದೇ ವಿಧಿ. ಉಳಿದ ಎಂಜಿನು ಇರುವುದು ಜನರನ್ನು ಕ್ಷೇಮವಾಗಿ ನೆಲ ಮುಟ್ಟಿಸುವುದಕ್ಕಾಗಿ.

ಕೂಡ್ಲಿಗಿ ಸೀಮೆಯ ಹೊಸಹಳ್ಳಿಯಲ್ಲಿ ಬಂಡಿಯ ಎತ್ತೊಂದು ಕುಂಟಿದರೆ ಒಕ್ಕಲಿಗನು ಸಂತೆಯ ಆಸೆ ಬಿಟ್ಟು ನೊಗವಿಳಿಸುವನು. ಅವನಿಗೆ ಬೇರೆ ದಾರಿಯಿಲ್ಲ. ವಿಮಾನಚಾಲಕನಿಗಾದರೋ ಮುಂದೆ ಹೋಗುವ ಶಕ್ತಿ ಇನ್ನೂ ಉಳಿದಿದೆ; ಉಳಿದಿದ್ದರೂ ಅವನು ಹಿಂದಿರುಗುತ್ತಾನೆ. ಮನುಷ್ಯನ ವಿವೇಕಕ್ಕೆ ಪರೀಕ್ಷೆ ಅಲ್ಲಿಯೇ.

ಸಂಸಾರದಲ್ಲಿಯೂ ಹೀಗೆಯೇ. ಮಳೆ ಕೈಕೊಟ್ಟ ವರ್ಷ, ಉಳಿದೊಂದು ಹೊಲವನ್ನೂ ಒತ್ತೆಯಿಟ್ಟು ಅದ್ದೂರಿಯ ಮದುವೆ ನಡೆಸುವವನು ಉಳಿದೊಂದು ಎಂಜಿನನ್ನು ನೆಚ್ಚಿ ಮುಂದಕ್ಕೆ ಹಾರಿದವನೇ ಸರಿ. ನಾಲ್ಕು ಜನರ ಮಾತಿಗೆ ಅಂಜಿ ಮನೆಮಂದಿಯನ್ನೆಲ್ಲ ಗಂಡಾಂತರಕ್ಕೆ ಒಡ್ಡುವ ಅವನಲ್ಲಿ ಧೈರ್ಯವೆಲ್ಲಿ?

ತನ್ನನ್ನು ನಂಬಿ ಕುಳಿತವರನ್ನು ಕ್ಷೇಮವಾಗಿ ನೆಲ ಮುಟ್ಟಿಸುವುದೂ ಕಾಯಕವೇ. ಅದಕ್ಕಾಗಿ ತನ್ನ ಹಮ್ಮನ್ನು ತೊರೆದು ಹಿಂದಿರುಗಬಲ್ಲವನೇ ಧೀರನು.