ಹಿರಿಯನ ಮುಂದಿನ ಮೌನ



ಪ್ರಸಾದ ನಿಲಯದ ಒಂದೇ ಪಂಕ್ತಿಯಲ್ಲಿ ಕುಳಿತು ಉಂಡ ನಮ್ಮಲ್ಲಿ ಹಲವರು ಮುಂದೆ ಒಂದಲ್ಲ ಒಂದು ಹಿರಿತನಕ್ಕೆ ಏರಿದೆವು. ಕೆಲವರು ವಿಜಯಪುರದಲ್ಲಿ ಕಚೇರಿಯ ಮುಖ್ಯಸ್ಥರು. ಕೆಲವರು ಬಬಲೇಶ್ವರದ ಕಡೆ ಸಹಕಾರಿ ಸಂಘ ನಡೆಸುವವರು. ತಿಕೋಟಾದ ದ್ರಾಕ್ಷಿ ತೋಟಗಳಲ್ಲಿ ಆಳುಗಳನ್ನಿಟ್ಟು ದುಡಿಸುವವರೂ ಉಂಟು. ನಿಮ್ಮನ್ನೊಂದು ಮಾತು ಕೇಳಬೇಕೆಂದಿದ್ದೇನೆ. ಕೈಕೆಳಗಿನವರು ನಿಮ್ಮ ಮುಂದೆ ಸುಮ್ಮನೆ ನಿಲ್ಲುವುದನ್ನು ನೀವು ಏನೆಂದು ತಿಳಿದಿರುವಿರಿ? ಗೌರವವೆಂದೇ?

ನಾನಂತೂ ಹಾಗೆಯೇ ತಿಳಿದಿದ್ದೆ. ಈ ಜಿಲ್ಲೆಯ ಒಂದು ಹಳ್ಳಿಯ ಪ್ರೌಢಶಾಲೆಯಲ್ಲಿ ಹಲವು ವರ್ಷ ಮುಖ್ಯಾಧ್ಯಾಪಕನಾಗಿದ್ದೆ. ನಿವೃತ್ತಿಯ ದಿನ ಹಾರ ತುರಾಯಿಗಳೆಲ್ಲ ಮುಗಿದ ಮೇಲೆ, ಬಸ್ಸಿನ ತನಕ ಬಂದ ಜವಾನನು ನಗುತ್ತ ಹೇಳಿದ: "ಸರ್, ಮುಂಜಾನಿ ನೀವು ಸೈಕಲ್ ಸ್ಟ್ಯಾಂಡ್ ಒದಿಯೂ ಸಪ್ಪಳ ಕೇಳೇ, ಇವತ್ತ ನಿಮ್ಮ ಮುಂದ ಮಾತಾಡಬೇಕೋ ಬ್ಯಾಡೋ ಅಂತ ತಿಳಕೋತಿದ್ದಿವ್ರಿ." ಬಸ್ಸಿನಲ್ಲಿ ಕುಳಿತಾಗ ನೆನಪಾದದ್ದು ನನ್ನ ತಂದೆಯವರು. ಹೊಲದಿಂದ ಬಂದು ಅವರು ಪಡಸಾಲೆಯ ಮೂಲೆಗೆ ಬಾರಕೋಲು ಇಡುವ ಸಪ್ಪಳದ ಮೇಲೆಯೇ ನಾವು ಮಕ್ಕಳು ಒಳಗಿರಬೇಕೋ ಹೊರಗೋಡಬೇಕೋ ಎಂದು ನಿರ್ಧರಿಸುತ್ತಿದ್ದೆವು. ಅವರಂತೆ ಆಗಬಾರದೆಂದು ಹುಡುಗನಿದ್ದಾಗಲೇ ಪಣ ತೊಟ್ಟಿದ್ದೆ!

ಈ ವಿಷಯದಲ್ಲಿ ನನಗೆ ದಾರಿ ತೋರಿಸಿದ್ದು ಸುಧೀರ್ ಕಕ್ಕರ್ ಅವರ ಬರಹಗಳು. 1938ರಲ್ಲಿ ನೈನಿತಾಲದಲ್ಲಿ ಹುಟ್ಟಿ 2024ರಲ್ಲಿ ತೀರಿಕೊಂಡ ಇವರು ಮೊದಲು ಓದಿದ್ದು ಯಂತ್ರವಿದ್ಯೆ, ಬಳಿಕ ಅರ್ಥಶಾಸ್ತ್ರ. 1918ರ ಅಹಮದಾಬಾದಿನ ಗಿರಣಿ ಮುಷ್ಕರದಲ್ಲಿ ಗಾಂಧೀಜಿಯವರ ಮನಸ್ಸು ನಡೆದ ಬಗೆಯನ್ನು ಅಭ್ಯಸಿಸುತ್ತಿದ್ದ ಎರಿಕ್ ಎರಿಕ್ಸನ್ ಎಂಬ ಮನೋವಿಶ್ಲೇಷಕರ ಭೇಟಿ ಅದೇ ಊರಿನಲ್ಲಿ ಆಯಿತು. ತರುಣನ ಬಾಳಿನ ದಿಕ್ಕೇ ಬದಲಾಯಿತು. ಫ್ರಾಂಕ್‌ಫರ್ಟಿನಲ್ಲಿ ಆ ವಿದ್ಯೆಯ ಶಿಕ್ಷಣ ಪಡೆದು, ದಿಲ್ಲಿಯಲ್ಲಿ ಬಹುಕಾಲ ಚಿಕಿತ್ಸೆ ನಡೆಸಿದರು. ಜೊತೆಗೆ ದೇಶವಿದೇಶಗಳ ಆಡಳಿತ ವಿದ್ಯಾಲಯಗಳಲ್ಲಿ ನಾಯಕತ್ವವನ್ನು ಕುರಿತು ಪಾಠ ಹೇಳಿದರು. ಎರಡೂ ಕಡೆ ಅವರು ಹುಡುಕಿದ್ದು ಒಂದನ್ನೇ: ಬೆಳೆದ ಮನುಷ್ಯನೊಳಗೆ ಕುಳಿತಿರುವ ಮಗುವನ್ನು.

1970ರಲ್ಲಿ ಅವರು ಫ್ರೆಡರಿಕ್ ಟೇಲರನನ್ನು ಕುರಿತು ಬರೆದ ಗ್ರಂಥ ಸ್ವಾರಸ್ಯವಾದದ್ದು. ಕಾರ್ಮಿಕನ ಒಂದೊಂದು ಚಲನೆಯನ್ನೂ ಗಡಿಯಾರ ಹಿಡಿದು ಅಳೆಸಿದ ಅಮೇರಿಕೆಯ ಎಂಜಿನಿಯರನೀತ. ಬಾಲ್ಯದಲ್ಲಿ ದುಃಸ್ವಪ್ನಗಳು ಕಾಡಿದಾಗ, ಅಂಗಾತ ಮಲಗಿದರೆ ಚುಚ್ಚಿ ಎಬ್ಬಿಸುವಂತೆ ಪಟ್ಟಿಗೆ ಕಟ್ಟಿಗೆಯ ಮೊನೆಗಳನ್ನು ಜೋಡಿಸಿ ತನಗೆ ತಾನೇ ಬಿಗಿದುಕೊಳ್ಳುತ್ತಿದ್ದನಂತೆ. ತನ್ನ ನಿದ್ರೆಯನ್ನು ಹೀಗೆ ಹಿಡಿತಕ್ಕೆ ತಂದುಕೊಳ್ಳಲು ಹೊರಟ ಹುಡುಗ ದೊಡ್ಡವನಾಗಿ ಸಾವಿರಾರು ಜನರ ಕೈಕಾಲುಗಳಿಗೆ ಅದೇ ಪಟ್ಟಿ ಬಿಗಿದ. 1911ರಲ್ಲಿ ವಾಟರ್‌ಟೌನಿನ ಶಸ್ತ್ರಾಗಾರದ ಎರಕದ ಕೆಲಸಗಾರರು ಆ ಗಡಿಯಾರವನ್ನು ವಿರೋಧಿಸಿ ಹೊರನಡೆದರು. ಎಲ್ಲವನ್ನೂ ಬಾಲ್ಯದ ತಲೆಗೆ ಕಟ್ಟುವ ಈ ಶಾಸ್ತ್ರದ ಚಾಳಿ ನನಗೆ ಪೂರ್ತಿ ಒಪ್ಪಿಗೆಯಿಲ್ಲ. ಆದರೂ ಆ ಸೈಕಲ್ ಸಪ್ಪಳದ ಮಾತು ಕೇಳಿದ ಮೇಲೆ ಟೇಲರನನ್ನು ನೋಡಿ ನಗುವ ಧೈರ್ಯ ನನಗೆ ಉಳಿದಿಲ್ಲ.

ನಮ್ಮ ನಾಡಿನ ಉದ್ಯೋಗಿ ತನ್ನ ಮೇಲಧಿಕಾರಿಯಲ್ಲಿ ತಂದೆಯನ್ನು ಕಾಣುತ್ತಾನೆ, ಅವನನ್ನು ಎತ್ತರದಲ್ಲಿಟ್ಟು ನೋಡುತ್ತಾನೆ, ಹೀಗಾಗಿ ತಪ್ಪು ಎತ್ತಿ ತೋರಿಸಲು ಹಿಂಜರಿಯುತ್ತಾನೆ ಎಂಬುದು ಕಕ್ಕರರ ಅಭಿಪ್ರಾಯ. ಇದರಲ್ಲಿ ಒಳ್ಳೆಯದೂ ಉಂಟು. ಮಗಳ ಮದುವೆಗೆ ಸಾಲ ಬೇಕಾದರೆ ನಮ್ಮ ಜನ ಮೊದಲು ಸಾಹೇಬರ ಮನೆಗೇ ಬರುವರಲ್ಲವೇ? ಆದರೆ ಸಲಹುವ ಕೈಯಿಂದ ಪಡೆಯುವವನು ಆ ಕೈಗೆ ಬುದ್ಧಿ ಹೇಳಲಾರ.

ಮನಸ್ಸಿನ ವೈದ್ಯರಲ್ಲಿ ಒಂದು ಕಟ್ಟುನಿಟ್ಟಾದ ನಿಯಮವಿದೆ. ಮನೋವಿಶ್ಲೇಷಕನಾಗಬೇಕಾದವನು ಮೊದಲು ತಾನೇ ಇನ್ನೊಬ್ಬ ವಿಶ್ಲೇಷಕನ ಮುಂದೆ ವರ್ಷಗಟ್ಟಲೆ ತನ್ನ ಮನಸ್ಸನ್ನು ಬಿಚ್ಚಿಡಬೇಕು. ಇಲ್ಲವಾದರೆ ರೋಗಿಯ ಮಾತಿನಲ್ಲಿ ತನ್ನ ಗಾಯದ ಧ್ವನಿಯನ್ನೇ ಕೇಳಿಯಾನು. ಶಾಲೆಗೆ, ಸಂಘಕ್ಕೆ, ತೋಟಕ್ಕೆ ಹಿರಿಯನಾಗುವವನಿಗೆ ಇಂಥ ನಿಯಮವನ್ನು ನಾವು ಎಂದೂ ಇಟ್ಟವರಲ್ಲ. ಪದವಿ, ಸೇವಾವಧಿ, ವಶೀಲಿ—ಇಷ್ಟಿದ್ದರೆ ಸಾಕಾಗಿದೆ.

ನನ್ನ ಒಳಮನಸ್ಸನ್ನು ನಾನರಿಯದಿರುವುದು ದೋಷವೇ, ಬರಿಯ ಅಜ್ಞಾನವೇ? ಸುಮ್ಮನಿರಿ ಎಂದು ನಾನು ಯಾರಿಗೂ ಹೇಳಿರಲಿಲ್ಲ. ಹಾಗಿದ್ದ ಮೇಲೆ ಅವರ ಮೌನಕ್ಕೆ ನಾನೇಕೆ ಹೊಣೆ? ಬಹಳ ದಿನ ಹೀಗೆಯೇ ವಾದಿಸಿಕೊಂಡೆ. ಜವಾನನು ಅಂದು ಹೇಳಿದ ಇನ್ನೊಂದು ಸಂಗತಿ ಆ ವಾದವನ್ನು ನಿಲ್ಲಗೊಡಲಿಲ್ಲ. ಒಂಬತ್ತನೆಯ ತರಗತಿಯ ಹುಡುಗಿಯೊಬ್ಬಳ ಮದುವೆ ಗೊತ್ತಾಗಿದೆಯೆಂದು ತಿಳಿದ ತರುಣ ಶಿಕ್ಷಕರೊಬ್ಬರು ನನ್ನ ಕೋಣೆಯ ಬಾಗಿಲಿಗೆ ಎರಡು ಸಲ ಬಂದು ಹಿಂದಿರುಗಿದ್ದರಂತೆ. ಅಂದು ನನಗೆ ಯಾವುದರ ಸಿಟ್ಟಿತ್ತೋ! ಹುಡುಗಿ ಶಾಲೆ ಬಿಟ್ಟಳು. ಹಾಜರಿ ಪುಸ್ತಕದಲ್ಲಿ ಆಕೆಯ ಹೆಸರಿನ ಮೇಲೆ ಕೆಂಪು ಗೆರೆ ಎಳೆದವನು ನಾನೇ. ಆ ಶಿಕ್ಷಕರನ್ನು ಒಳಗೆ ಕರೆದು ಕೇಳಿದ್ದರೆ ನಾನು ಆ ಮದುವೆಯನ್ನು ತಡೆಯುತ್ತಿದ್ದೆನೋ ಇಲ್ಲವೋ, ಅದನ್ನು ಹೇಳಲಾರೆ. ಬಾಗಿಲಾಚೆ ಯಾರೋ ನಿಂತಿದ್ದ ನೆರಳು ಮಾತ್ರ ನನಗೆ ಕಂಡಿತ್ತು.