ನೋವಾಗುವುದಿಲ್ಲ ಎಂಬ ಸುಳ್ಳು

ಆಸ್ಪತ್ರೆಯ ಇಂಜೆಕ್ಷನ್ ಕೊಠಡಿಯ ಹೊರಗೆ ಅರ್ಧ ಗಂಟೆ ಕುಳಿತವರಿಗೆಲ್ಲ ಈ ದೃಶ್ಯ ಪರಿಚಿತ. ನಾಲ್ಕೈದು ವರ್ಷದ ಮಗುವೊಂದು ತಾಯಿಯ ಸೆರಗನ್ನು ಬಿಗಿಯಾಗಿ ಹಿಡಿದುಕೊಂಡಿದೆ. 'ಒಳಗೆ ಏನ್ಮಾಡ್ತಾರಮ್ಮಾ?' ಎಂದು ಕೇಳುತ್ತದೆ. 'ಏನೂ ಇಲ್ಲ ಪುಟ್ಟಾ, ಸುಮ್ನೆ ನೋಡ್ತಾರೆ ಅಷ್ಟೆ' ಎನ್ನುತ್ತಾಳೆ ತಾಯಿ. 'ನೋವಾಗುತ್ತಾ?' 'ಇಲ್ವೇ ಇಲ್ಲ.' ಒಳಗೆ ಹೋದ ಮೇಲೆ ಒಬ್ಬರು ಕೈ ಹಿಡಿಯುತ್ತಾರೆ, ಇನ್ನೊಬ್ಬರು ಕಾಲು ಹಿಡಿಯುತ್ತಾರೆ. 'ಅಲ್ನೋಡು ಕಾಗೆ' ಎಂದು ಯಾರೋ ಕಿಟಕಿ ತೋರಿಸುತ್ತಾರೆ. ಸೂಜಿ ಒಳಗಿಳಿಯುತ್ತದೆ. ಚೀರುವ ಮಗುವಿನ ಕಣ್ಣು ಆಗ ಸೂಜಿ ಹಿಡಿದವರ ಮೇಲಿರುವುದಿಲ್ಲ, ತಾಯಿಯ ಮುಖದ ಮೇಲಿರುತ್ತದೆ.

ಆ ನೋಟದಲ್ಲಿರುವ ಪ್ರಶ್ನೆಯನ್ನು ನಾವು ಬಿಸ್ಕತ್ತಿನಿಂದಲೋ ಚಾಕಲೇಟಿನಿಂದಲೋ ಮರೆಸುತ್ತೇವೆ. ಮಗುವಿಗೆ ಹೇಳಿದ ಸುಳ್ಳನ್ನು ನಾವು ಸುಳ್ಳಿನ ಲೆಕ್ಕಕ್ಕೆ ಸೇರಿಸುವುದೇ ಇಲ್ಲ. ಅದು ಪ್ರೀತಿಯ ಸುಳ್ಳು, ಅದರಿಂದ ಯಾರಿಗೇನು ನಷ್ಟ ಎಂದುಕೊಳ್ಳುತ್ತೇವೆ. ಆದರೆ ನಷ್ಟ ಇದೆ. ಮುಂದಿನ ಸಲ ಅದೇ ತಾಯಿ 'ಇವತ್ತು ಇಂಜೆಕ್ಷನ್ ಇಲ್ಲ, ಬರೀ ಮಾತ್ರೆ' ಎಂದು ನಿಜವನ್ನೇ ಹೇಳಿದರೂ ಮಗು ನಂಬುವುದಿಲ್ಲ. ಸೂಜಿಯ ನೋವು ಕೆಲವು ಕ್ಷಣಗಳದ್ದು. ನಂಬಿಕೆ ಮುರಿದ ನೋವು ಅಷ್ಟು ಬೇಗ ಆರುವುದಿಲ್ಲ.

ಇದಕ್ಕಿಂತಲೂ ಕೆಟ್ಟದ್ದು ಇನ್ನೊಂದಿದೆ. 'ಹಠ ಮಾಡಿದ್ರೆ ಡಾಕ್ಟರ ಹತ್ರ ಸೂಜಿ ಹಾಕಿಸ್ತೀನಿ' ಎಂದು ಮನೆಯಲ್ಲಿ ಹೆದರಿಸುತ್ತೇವೆ. ಮೂರರಿಂದ ಆರು ವರ್ಷದೊಳಗಿನ ಅನೇಕ ಮಕ್ಕಳು ಕಾಯಿಲೆಯನ್ನು ತಮ್ಮ ತಪ್ಪಿಗೆ ಸಿಕ್ಕ ಶಿಕ್ಷೆ ಎಂದೇ ಭಾವಿಸುತ್ತಾರೆ ಎಂದು ಮಕ್ಕಳ ಮನಸ್ಸನ್ನು ಅಧ್ಯಯನ ಮಾಡಿದವರು ಹೇಳುತ್ತಾರೆ. ಆ ತಪ್ಪು ಭಾವನೆಗೆ ನಾವೇ ಮುದ್ರೆ ಒತ್ತುತ್ತೇವೆ. ಚಿಕಿತ್ಸೆ ನೀಡುವ ವೈದ್ಯ ಮಗುವಿನ ಕಣ್ಣಿಗೆ ಶಿಕ್ಷೆ ಕೊಡುವ ಪೊಲೀಸನಾಗುತ್ತಾನೆ.

ಹಾಗಾದರೆ ಮಗುವಿಗೆ ಏನು ಹೇಳಬೇಕು? ಈ ಪ್ರಶ್ನೆಯನ್ನೇ ಬದುಕಿನ ಕೆಲಸವಾಗಿ ಮಾಡಿಕೊಂಡ ಒಂದು ವೃತ್ತಿ ಜಗತ್ತಿನಲ್ಲಿದೆ. ಅಮೆರಿಕದಲ್ಲಿ ಅದಕ್ಕೆ 'ಚೈಲ್ಡ್ ಲೈಫ್ ಸ್ಪೆಷಲಿಸ್ಟ್' ಎಂದು ಹೆಸರು. ಇವರು ವೈದ್ಯರಲ್ಲ, ದಾದಿಯರೂ ಅಲ್ಲ. ಆಸ್ಪತ್ರೆಗೆ ಬಂದ ಮಗುವನ್ನು ಆಟದ ಮೂಲಕ, ಮಾತಿನ ಮೂಲಕ ಚಿಕಿತ್ಸೆಗೆ ಸಿದ್ಧಗೊಳಿಸುವುದು ಮತ್ತು ನೋವಿನ ಹೊತ್ತಿನಲ್ಲಿ ಅದರ ಜೊತೆಗಿರುವುದು ಇವರ ಕೆಲಸ.

ಇದರ ಹಿಂದೆ ಒಂದು ಇತಿಹಾಸವಿದೆ. ಒಂದು ಕಾಲದಲ್ಲಿ ಯುರೋಪ್, ಅಮೆರಿಕಗಳ ಆಸ್ಪತ್ರೆಗಳಲ್ಲಿ ಮಗುವನ್ನು ದಾಖಲಿಸಿದ ಮೇಲೆ ತಂದೆತಾಯಿಯರನ್ನು ಮನೆಗೆ ಕಳುಹಿಸಿಬಿಡುತ್ತಿದ್ದರು. ಹೆತ್ತವರು ಬಂದು ಹೋದರೆ ಮಕ್ಕಳು ಅಳುತ್ತಾರೆ, ಬಾರದಿದ್ದರೆ ಸುಮ್ಮನಿರುತ್ತಾರೆ ಎಂಬುದು ಅವರ ತರ್ಕ. 1952ರಲ್ಲಿ ಲಂಡನ್ನಿನ ಜೇಮ್ಸ್ ರಾಬರ್ಟ್‌ಸನ್, ಎಂಟು ದಿನ ಆಸ್ಪತ್ರೆಯಲ್ಲಿದ್ದ ಎರಡು ವರ್ಷದ ಹೆಣ್ಣುಮಗುವೊಂದನ್ನು ಚಿತ್ರೀಕರಿಸಿ ತೋರಿಸಿದರು. ಆ ಮೌನ ಸಮಾಧಾನವಲ್ಲ, ಹತಾಶೆ ಎಂಬುದನ್ನು ಆ ಚಿತ್ರ ಕಣ್ಣಿಗೆ ಕಟ್ಟುವಂತೆ ಮಾಡಿತು. 1959ರಲ್ಲಿ ಬ್ರಿಟನ್ನಿನ ಪ್ಲಾಟ್ ಸಮಿತಿಯು ಹೆತ್ತವರ ಭೇಟಿಗಿದ್ದ ನಿರ್ಬಂಧವನ್ನು ಸಡಿಲಿಸುವಂತೆ ಶಿಫಾರಸು ಮಾಡಿತು. ಅತ್ತ ಅಮೆರಿಕದ ಕ್ಲೀವ್‌ಲ್ಯಾಂಡ್‌ನಲ್ಲಿ 1955ರಲ್ಲಿ, ನೊಬೆಲ್ ಪುರಸ್ಕೃತ ವೈದ್ಯ ಫ್ರೆಡರಿಕ್ ರಾಬಿನ್ಸ್ ಅವರ ಆಹ್ವಾನದ ಮೇರೆಗೆ ಎಮ್ಮಾ ಪ್ಲಾಂಕ್ ಎಂಬ ಶಿಕ್ಷಕಿ ಆಸ್ಪತ್ರೆಯ ಮಕ್ಕಳಿಗಾಗಿ ಆಟ ಮತ್ತು ಕಲಿಕೆಯ ವಿಭಾಗವೊಂದನ್ನು ಆರಂಭಿಸಿದರು. ವಿಯೆನ್ನಾದಿಂದ ವಲಸೆ ಬಂದಿದ್ದ ಈ ಮಹಿಳೆ ಹಾಕಿದ ಅಡಿಪಾಯದ ಮೇಲೆ ಇಂದಿನ ವೃತ್ತಿ ನಿಂತಿದೆ.

ಇಂದು ಅಲ್ಲಿ ಈ ವೃತ್ತಿಯ ಪ್ರಮಾಣಪತ್ರ ಬೇಕೆಂದರೆ ಪದವಿ ಇರಬೇಕು. ಮಗುವಿನ ಬೆಳವಣಿಗೆ, ಕುಟುಂಬ, ಆಟ, ಸಾವು ಮತ್ತು ಅಗಲಿಕೆಯ ದುಃಖ ಇವುಗಳನ್ನು ಓದಿರಬೇಕು. ಕನಿಷ್ಠ 600 ಗಂಟೆ ಅನುಭವಿಗಳ ಕೈಕೆಳಗೆ ತರಬೇತಿ ಪಡೆದು, ಪರೀಕ್ಷೆಯನ್ನೂ ಪಾಸು ಮಾಡಬೇಕು.

ಇಲ್ಲೊಂದು ಪ್ರಶ್ನೆ ಏಳುತ್ತದೆ. ಮಗುವನ್ನು ಸಮಾಧಾನಪಡಿಸಲು ತರಬೇತಿ ಬೇಕೆ? ಕರುಣೆ ಹೃದಯದಿಂದ ಬರಬೇಕಾದದ್ದಲ್ಲವೇ? ತಾಯಿಗಿಂತ ದೊಡ್ಡ ತಜ್ಞೆ ಯಾರಿದ್ದಾಳೆ?

ನಾವಿಲ್ಲಿ ಒಂದು ಅಂಶವನ್ನು ಗಮನಿಸಬೇಕು. ಇಂಜೆಕ್ಷನ್ ಕೊಠಡಿಯ ಹೊರಗೆ ಸುಳ್ಳು ಹೇಳಿದ ತಾಯಿಯಲ್ಲಿ ಕರುಣೆಗೆ ಕೊರತೆ ಇರಲಿಲ್ಲ. ಕರುಣೆ ಹೆಚ್ಚಾದದ್ದರಿಂದಲೇ ಅವಳು ಸುಳ್ಳು ಹೇಳಿದಳು. ಮಗುವಿನ ಮುಖದಲ್ಲಿ ಭಯ ಕಾಣುವುದು ಅವಳಿಗೆ ಅಸಹನೀಯವಾಗಿತ್ತು. ಅಂದರೆ ಆ ಸುಳ್ಳು ಮಗುವಿನ ನೋವನ್ನು ತಪ್ಪಿಸಲಿಲ್ಲ, ಹೇಳುವವರ ಸಂಕಟವನ್ನು ಸ್ವಲ್ಪ ಹೊತ್ತು ಮುಂದೂಡಿತು ಅಷ್ಟೆ. ನಮ್ಮ ಸಂಕಟವನ್ನು ಮಗುವಿನ ಸಂಕಟದಿಂದ ಬೇರ್ಪಡಿಸಿ ನೋಡುವುದು ತಾನಾಗಿ ಬರುವ ಗುಣವಲ್ಲ. ಅದನ್ನು ಕಲಿಯಬೇಕು. ತರಬೇತಿಯ ಅಗತ್ಯ ಇರುವುದು ಇಲ್ಲಿಯೇ.

ಹಾಗೆಂದು ಸತ್ಯವನ್ನು ಕಲ್ಲಿನಂತೆ ಎಸೆಯುವುದನ್ನು ಅವರು ಕಲಿಸುವುದಿಲ್ಲ. ಮೊದಲು ಮಗು ಏನು ತಿಳಿದುಕೊಂಡಿದೆ ಎಂದು ಕೇಳುವುದನ್ನು ಕಲಿಸುತ್ತಾರೆ. ನಮ್ಮದೇ ಭಾಷೆಯ ಉದಾಹರಣೆ ನೋಡೋಣ. 'ರಕ್ತ ತೆಗೀತಾರೆ' ಎಂದರೆ ಮೈಯಲ್ಲಿರುವ ರಕ್ತವನ್ನೆಲ್ಲ ತೆಗೆಯುತ್ತಾರೆಂದು ಮಗು ಹೆದರಬಹುದು. 'ಟೆಸ್ಟ್ ಇದೆ' ಎಂದರೆ ಫೇಲಾದರೆ ಏನು ಗತಿ ಎಂದು ಕಂಗಾಲಾಗಬಹುದು. 'ಒಂದು ಚಮಚದಷ್ಟು ರಕ್ತ ತಗೊಳ್ತಾರೆ, ಮೈ ಮತ್ತೆ ಹೊಸ ರಕ್ತ ಮಾಡಿಕೊಳ್ಳುತ್ತೆ' ಎಂದರೆ ಅದು ಸತ್ಯವೂ ಹೌದು, ಸಾಂತ್ವನವೂ ಹೌದು. ಸೂಜಿಯಿಲ್ಲದ ಸಿರಿಂಜನ್ನು ಮಗುವಿನ ಕೈಗೆ ಕೊಟ್ಟು ಗೊಂಬೆಗೆ ಚುಚ್ಚಲು ಬಿಡುತ್ತಾರೆ. ಮಂಚದ ಮೇಲೆ ಒತ್ತಿ ಹಿಡಿಯುವ ಬದಲು ತಾಯಿಯ ಮಡಿಲಲ್ಲಿ ಎದೆಗೊರಗಿಸಿ ಕೂರಿಸುತ್ತಾರೆ. 'ಚುಚ್ಚೋಣ್ವಾ, ಬೇಡ್ವಾ?' ಎಂದು ಕೇಳುವುದಿಲ್ಲ. ಏಕೆಂದರೆ ಅಲ್ಲಿ ಮಗುವಿಗೆ ಆಯ್ಕೆಯೇ ಇಲ್ಲ, ಆ ಪ್ರಶ್ನೆಯೂ ಒಂದು ಸುಳ್ಳೇ. 'ಯಾವ ಕೈಗೆ?' ಎಂದು ಕೇಳುತ್ತಾರೆ. 'ಸ್ವಲ್ಪ ಚುರ್ ಅನ್ನುತ್ತೆ, ಅಳು ಬಂದರೆ ಅಳಬಹುದು, ಕೈ ಮಾತ್ರ ಅಲ್ಲಾಡಿಸಬೇಡ' ಎನ್ನುತ್ತಾರೆ.

ಸಣ್ಣ ನೋವಿನ ವಿಷಯದಲ್ಲಿ ಇದೆಲ್ಲ ಸರಿ, ಗುಣವಾಗದ ಕಾಯಿಲೆಯ ಮಗುವಿಗೆ ಏನು ಹೇಳುವುದು ಎಂದು ಓದುಗರು ಕೇಳಬಹುದು. ಇದು ನಿಜಕ್ಕೂ ಕಠಿಣ ಪ್ರಶ್ನೆ. ಮೈರಾ ಬ್ಲೂಬಾಂಡ್-ಲ್ಯಾಂಗ್ನರ್ ಎಂಬ ಮಾನವಶಾಸ್ತ್ರಜ್ಞೆ ರಕ್ತದ ಕ್ಯಾನ್ಸರ್‌ನಿಂದ ಸಾಯುತ್ತಿದ್ದ ಪುಟ್ಟ ಮಕ್ಕಳ ಜೊತೆ ಕಾಲ ಕಳೆದು, 1978ರಲ್ಲಿ ಒಂದು ಗ್ರಂಥ ಪ್ರಕಟಿಸಿದರು. ಯಾರೂ ಹೇಳದಿದ್ದರೂ ಆ ಮಕ್ಕಳಿಗೆ ತಾವು ಸಾಯುತ್ತಿದ್ದೇವೆಂದು ಗೊತ್ತಿತ್ತು. ಆದರೆ ತಂದೆತಾಯಿ ನೊಂದುಕೊಳ್ಳುತ್ತಾರೆಂದು ಗೊತ್ತಿಲ್ಲದವರಂತೆ ನಟಿಸುತ್ತಿದ್ದರು. ಯಾರು ಯಾರನ್ನು ಕಾಪಾಡುತ್ತಿದ್ದರು? ನಾವು ಮಗುವಿನ ಸಲುವಾಗಿ ಸುಳ್ಳು ಹೇಳುತ್ತೇವೆಂದುಕೊಂಡಿರುವಾಗ, ಆ ಸುಳ್ಳಿನ ಭಾರ ಹೊರುವುದು ಮಗುವೇ. ಎಲ್ಲವನ್ನೂ ಒಮ್ಮೆಗೇ ಹೇಳಬೇಕೆಂದು ಇದರ ಅರ್ಥವಲ್ಲ. ಕೇಳಿದ್ದಕ್ಕೆ ಸುಳ್ಳು ಹೇಳಬಾರದು, ಕೇಳುವ ಬಾಗಿಲನ್ನು ಮುಚ್ಚಬಾರದು ಎಂದಷ್ಟೇ.

ನಮ್ಮ ಸರಕಾರಿ ಆಸ್ಪತ್ರೆಗಳಲ್ಲಿ ಇಂತಹ ತಜ್ಞರನ್ನು ನಿರೀಕ್ಷಿಸುವುದು ದುಬಾರಿ ಕನಸಲ್ಲವೇ ಎಂದು ಕೇಳುವವರಿದ್ದಾರೆ. ಬೆಳಗ್ಗಿನಿಂದ ಉದ್ದದ ಸಾಲು ನಿಂತಿರುವಾಗ ದಾದಿಗೆ ಗೊಂಬೆ ಆಡಿಸಲು ಪುರುಸೊತ್ತೆಲ್ಲಿ? ಈ ಮಾತಿನಲ್ಲಿ ಸತ್ಯವಿದೆ. ಆದರೆ ಅವರು ಹೋರಾಡಿ ಪಡೆದ ಒಂದು ಸಂಪತ್ತು ನಮ್ಮಲ್ಲಿ ಮೊದಲಿನಿಂದಲೂ ಇದೆ. ನಮ್ಮ ವಾರ್ಡುಗಳಲ್ಲಿ ಮಗುವಿನ ಮಂಚದ ಪಕ್ಕದಲ್ಲಿ ತಾಯಿಯೋ ಅಜ್ಜಿಯೋ ಚಾಪೆ ಹಾಸಿಕೊಂಡು ಮಲಗಿರುತ್ತಾರೆ. ಅವರಿಗೆ ಹತ್ತು ನಿಮಿಷ ವಿವರಿಸಿ ಹೇಳಿದರೂ ಸಾಕು, ಅರ್ಧ ಕೆಲಸ ಆದಂತೆ. ದಾದಿಯರ ಪಠ್ಯದಲ್ಲಿ, ವೈದ್ಯ ವಿದ್ಯಾರ್ಥಿಗಳ ಅಭ್ಯಾಸದಲ್ಲಿ ಮಗುವಿನೊಡನೆ ಮಾತನಾಡುವ ಕಲೆಗೆ ನಾಲ್ಕು ತಾಸು ಮೀಸಲಿಡಲು ಕೋಟಿಗಳು ಬೇಕಾಗಿಲ್ಲ. ದೊಡ್ಡ ಆಸ್ಪತ್ರೆಗಳಾದರೂ ಇದಕ್ಕೆಂದೇ ಒಬ್ಬರನ್ನು ನೇಮಿಸಿಕೊಳ್ಳಲಿ ಎಂದು ಒತ್ತಾಯಿಸುವುದು ನಮ್ಮ ಹಕ್ಕು.

ಕನ್ನಡದ ಮಕ್ಕಳಿಗೆ ನಾವು ಪುಣ್ಯಕೋಟಿಯ ಕಥೆಯನ್ನು ಸತ್ಯದ ಪಾಠವೆಂದು ಕಲಿಸುತ್ತೇವೆ. ಹುಲಿಗೆ ಕೊಟ್ಟ ಮಾತನ್ನು ಅದು ಉಳಿಸಿಕೊಂಡಿತು ಎಂಬುದನ್ನಷ್ಟೇ ನೆನಪಿಡುತ್ತೇವೆ. ಆದರೆ ಆ ಹಸು ತನ್ನ ಕರುವಿಗೂ ಸುಳ್ಳು ಹೇಳಲಿಲ್ಲ. ತಾನು ಹೋಗುತ್ತಿರುವುದು ಎಲ್ಲಿಗೆಂದು ಹೇಳಿತು. ಹೇಳಿ ಸುಮ್ಮನೆ ಹೊರಟುಹೋಗಲೂ ಇಲ್ಲ. ಕರುವಿನ ಕೈ ಬಿಡಬೇಡಿರೆಂದು ಉಳಿದ ಹಸುಗಳನ್ನು ಬೇಡಿಕೊಂಡಿತು. ಸತ್ಯ ಹೇಳುವುದು, ಹೇಳಿದ ಮೇಲೆ ಒಂಟಿಯಾಗಿ ಬಿಡದಿರುವುದು. 600 ಗಂಟೆಗಳ ತರಬೇತಿಯ ಸಾರವೂ ಇದೇ ಅಲ್ಲವೇ?

ಮುಂದಿನ ಸಲ ಇಂಜೆಕ್ಷನ್ ಕೊಠಡಿಯ ಹೊರಗೆ ಮಗು 'ನೋವಾಗುತ್ತಾ?' ಎಂದು ಕೇಳಿದಾಗ, 'ಸ್ವಲ್ಪ ಆಗುತ್ತೆ, ನಾನು ಇಲ್ಲೇ ಇರ್ತೀನಿ' ಎನ್ನುವ ಧೈರ್ಯ ನಮಗಿರಲಿ. ಮತ್ತು ಹಾಗೆ ಹೇಳಿದ ಮೇಲೆ, ಅಲ್ಲೇ ಇರೋಣ.