ಮೊಹರು ಮತ್ತು ಕಿವಿ

ಮಗಳು ಬೀಟಲ್ಸ್ ಹಾಡು ಹಾಕಿದಾಗಲೆಲ್ಲ "ಆ ಗದ್ದಲ ನಿಲ್ಲಿಸು" ಎನ್ನುತ್ತಿದ್ದವನು ನಾನು. ಅಮೆರಿಕದ ರೋಚೆಸ್ಟರ್ ವಿಶ್ವವಿದ್ಯಾಲಯದ ಪ್ರಾಧ್ಯಾಪಕ ಜಾನ್ ಕೊವಾಕ್ ಆ ಹಾಡುಗಳ ಮೇಲೆ ಅಂತರಜಾಲದಲ್ಲಿ ಪಾಠಮಾಲೆಯನ್ನೇ ನಡೆಸಿದ್ದಾರೆಂದು ತಿಳಿದ ಸಂಜೆ, ನಾನೂ ಅವಳ ಪಕ್ಕ ಕುರ್ಚಿ ಎಳೆದು ಕುಳಿತೆ.

ಕಲಿತದ್ದು ಕಡಮೆಯಲ್ಲ. ಲಿವರ್‌ಪೂಲಿನ ಆ ನಾಲ್ವರಿಗೆ ಸ್ವರಲಿಪಿ ಓದಲು ಬರುತ್ತಿರಲಿಲ್ಲ. 1962ರಲ್ಲಿ ಡೆಕ್ಕಾ ಕಂಪೆನಿ ಅವರನ್ನು ಬೇಡವೆಂದಿತು. ಅದೇ ವರ್ಷ ಜಾರ್ಜ್ ಮಾರ್ಟಿನ್ ಅವರ ಹಾಡನ್ನು ಧ್ವನಿಮುದ್ರಿಸಿದರು. 1965ರ 'ಯೆಸ್ಟರ್‌ಡೇ'ಗೆ ನಾಲ್ಕು ತಂತಿವಾದ್ಯಗಳ ಮೇಳ ಕೂಡಿಸಲು ಸೂಚಿಸಿದವರೂ ಅವರೇ. ಅದರ ಕಟ್ಟು ಸರಳ: ಒಂದು ಧಾಟಿ ಎರಡು ಸಲ, ಬೇರೊಂದು ಧಾಟಿ, ಮತ್ತೆ ಮೊದಲಿನದು. ಮರಳಿ ಪಲ್ಲವಿಗೆ ಬರುವ ನಮ್ಮ ಕಿವಿಗೆ ಇದೇನೂ ಪರಕೀಯವಲ್ಲ.

ಆದರೆ ನನ್ನನ್ನು ಕಾಡುವ ಪ್ರಶ್ನೆ ಬೇರೆ. ಹಾಡು ನಿನ್ನೆಯದೇ, ಕಿವಿಯೂ ನಿನ್ನೆಯದೇ. ಹೊಸದಾಗಿ ಬಂದದ್ದು ವಿಶ್ವವಿದ್ಯಾಲಯದ ಮೊಹರು. ಮೊಹರಿಲ್ಲದ ಕಾಗದವನ್ನು ಬದಿಗಿಡುವುದು ಕಚೇರಿಯಲ್ಲಿ ನನ್ನ ಕರ್ತವ್ಯ. ಅದೇ ಅಭ್ಯಾಸ ಮನೆಗೂ ಬಂದರೆ ವಿವೇಕವೆನ್ನಬಹುದೆ? ಪಾಠಕ್ಕೆ ಬೆಲೆಯಿಲ್ಲವೆಂದಲ್ಲ, ಅದಿಲ್ಲದೆ ಆ ಕಟ್ಟು ನನಗೆ ಹೊಳೆಯುತ್ತಿರಲಿಲ್ಲ. ಪಾಠ ಕಿವಿಯನ್ನು ತಿದ್ದೀತು. ಕಿವಿಗೊಡುವ ಹೊಣೆ ಮಾತ್ರ ನಮ್ಮದೇ.

"ಇಷ್ಟು ದಿನ ನನ್ನ ಮಾತು ಸಾಲದಾಯಿತೆ, ಅಪ್ಪ?" ಎಂದಳು ಮಗಳು. ಉತ್ತರ ತೋಚಲಿಲ್ಲ. ಅಜ್ಜಿ ರಾಗಿ ಬೀಸುತ್ತ ಹಾಡುತ್ತಿದ್ದ ಪದಗಳು ನೆನಪಾದವು. ಅವನ್ನೂ ನಾನು ಒಮ್ಮೆಯೂ ಕುಳಿತು ಕೇಳಿದವನಲ್ಲ. ಇನ್ನು ಅವು ಸಿಕ್ಕವು. ಮಗಳು ಹಾಕುವ ಮುಂದಿನ ಹಾಡನ್ನಾದರೂ, ಯಾರ ಶಿಫಾರಸಿಗೂ ಕಾಯದೆ, ಕೊನೆಯವರೆಗೆ ಕೇಳಬೇಕು.